ಫಿಸಿಕ್ಸ್ ಮನೆಪಾಠ: ಮೇಷ್ಟ್ರಿಗಿಂತ ಮೊದಲು ತೊಡಕು ಹುಡುಕಿ

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿರುವ 14 ಅಧ್ಯಾಯಗಳಲ್ಲಿ ಮೊದಲ ಎಂಟು ವಿದ್ಯುತ್ತು ಮತ್ತು ಕಾಂತತ್ವಕ್ಕೇ ಮೀಸಲು. ಪಠ್ಯಪುಸ್ತಕದ ಮೊದಲ ಭಾಗವಿಡೀ ಅದೇ. ಜೂನ್‌ನಲ್ಲಿ ಎಡವಿದ ಮಕ್ಕಳು ದಸರೆ ರಜೆ ಬರುವಷ್ಟರಲ್ಲಿ ಸಾಕಷ್ಟು ಹಿಂದೆ ಬಿದ್ದಿರುತ್ತಾರೆ. ಆಗ ಟ್ಯೂಷನ್ ಹುಡುಕಾಟ ಶುರು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಫಿಸಿಕ್ಸ್‌ಗೆ ಒಳ್ಳೆ ಸರ್ ಯಾರಾದ್ರೂ ಇದಾರಾ?’ ಅಂತ ಕೇಳಿದರೆ ಹತ್ತು ನಿಮಿಷದಲ್ಲಿ ನಾಲ್ಕು ನಂಬರ್ ಬರುತ್ತವೆ. ಪೀಣ್ಯದಲ್ಲಾದರೆ ಬಸ್ ಸ್ಟಾಪಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲೇ ಇರುತ್ತವೆ. ಆ ನಾಲ್ವರಲ್ಲಿ ನಿಮ್ಮ ಮಗುವಿಗೆ ಒಗ್ಗುವವರು ಯಾರು ಎಂದು ತಿಳಿಯಬೇಕಾದರೆ, ಮಗು ಸಿಕ್ಕಿಕೊಂಡಿರುವುದು ಎಲ್ಲಿ ಎಂಬುದು ಮೊದಲು ಗೊತ್ತಾಗಬೇಕು.

ಮನೆಯಲ್ಲೇ ಒಂದು ಪರೀಕ್ಷೆ

ತೊಡಕು ಸಾಮಾನ್ಯವಾಗಿ ಮೂರು ಬಗೆ: ಗಣಿತ, ದಿಕ್ಕು, ಕಲ್ಪನೆ. ಮಗು ಎರಡನೇ ಪಿಯುಸಿಯಲ್ಲಿದ್ದು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮುಗಿದಿದ್ದರೆ ಈ ನಾಲ್ಕು ಪ್ರಶ್ನೆ ಕೊಡಿ. ನಿಮಗೆ ಫಿಸಿಕ್ಸ್ ಬರಬೇಕೆಂದಿಲ್ಲ, ಉತ್ತರ ಜೊತೆಗೇ ಇದೆ.

1. 200 ಸುತ್ತಿನ ಸುರುಳಿ. ಪ್ರತಿ ಸುತ್ತಿನ ಮೂಲಕ ಹಾಯುವ ಕಾಂತೀಯ ಫ್ಲಕ್ಸ್ 0.1 ಸೆಕೆಂಡಿನಲ್ಲಿ 0.01 ವೆಬರ್‌ನಿಂದ ಸೊನ್ನೆಗೆ ಇಳಿಯುತ್ತದೆ. ಹುಟ್ಟುವ ಇಎಂಎಫ್ ಎಷ್ಟು? (20 ವೋಲ್ಟ್)
2. ಅಷ್ಟೇ ಇಳಿಕೆಗೆ ಒಂದು ಸೆಕೆಂಡ್ ಹಿಡಿದರೆ? (2 ವೋಲ್ಟ್)
3. ಬಲವಾದ ಆಯಸ್ಕಾಂತವನ್ನು ಸುರುಳಿಯೊಳಗೆ ಅಲ್ಲಾಡದಂತೆ ಇಟ್ಟರೆ? (ಸೊನ್ನೆ)
4. ಆಯಸ್ಕಾಂತದ ಉತ್ತರ ಧ್ರುವ ಸುರುಳಿಯ ಹತ್ತಿರ ಬರುತ್ತಿದೆ. ಸುರುಳಿಯ ಎದುರು ಮುಖ ಯಾವ ಧ್ರುವವಾಗುತ್ತದೆ? (ಉತ್ತರ. ಬರುತ್ತಿರುವುದನ್ನು ಅದು ತಳ್ಳುತ್ತದೆ.)

ಮೊದಲನೆಯದರಲ್ಲೇ ಮುಗ್ಗರಿಸಿದರೆ ಸೂತ್ರವನ್ನೂ ಲೆಕ್ಕವನ್ನೂ ಗಟ್ಟಿ ಮಾಡಬೇಕು. ಮೊದಲನೆಯದು ಸರಿಯಾಗಿ ಮೂರನೆಯದು ತಪ್ಪಿದರೆ ಸೂತ್ರ ಬಾಯಿಪಾಠವಾಗಿದೆ, ಅರ್ಥವಾಗಿಲ್ಲ. ಇಎಂಎಫ್ ಹುಟ್ಟುವುದು ಫ್ಲಕ್ಸ್ ಬದಲಾಗುವುದರಿಂದ; ಫ್ಲಕ್ಸ್ ಎಷ್ಟೇ ಇರಲಿ, ಬದಲಾಗದಿದ್ದರೆ ಏನೂ ಹುಟ್ಟದು. ನಾಲ್ಕನೆಯದೊಂದೇ ತಪ್ಪಿದರೆ ದಿಕ್ಕಿನ ತೊಡಕು: ಬಲಗೈ ನಿಯಮ, ಫ್ಲೆಮಿಂಗ್ ನಿಯಮ, ಲೆಂಜ್ ನಿಯಮ ಒಂದರೊಳಗೊಂದು ಕಲಸಿಹೋಗಿವೆ.

ಗಣಿತದ ತೊಡಕು ಇನ್ನೂ ಮುಂಚೆ, ಮೊದಲ ಅಧ್ಯಾಯದ ಗೌಸ್ ನಿಯಮದಲ್ಲೇ ಕಾಣಿಸುತ್ತದೆ. ಅಲ್ಲಿ ವೆಕ್ಟರ್‌ಗಳ ಡಾಟ್ ಗುಣಲಬ್ಧ, ಮೇಲ್ಮೈ ಮೇಲಿನ ಅನುಕಲನ ಎರಡೂ ಬೇಕು. ಆದರೆ ಅದೇ ವರ್ಷದ ಗಣಿತದಲ್ಲಿ ಅನುಕಲನ ಬರುವುದು 7ನೇ ಅಧ್ಯಾಯದಲ್ಲಿ, ವೆಕ್ಟರ್ ಬೀಜಗಣಿತ 10ನೆಯದರಲ್ಲಿ. ಫಿಸಿಕ್ಸ್ ಮುಂದೆ ಓಡುತ್ತಿದೆ, ಗಣಿತ ಹಿಂದೆ ಬರುತ್ತಿದೆ. ಗಣಿತವೇ ಇಲ್ಲದ ಕಾಂಬಿನೇಷನ್‌ನಲ್ಲಿ ನೀಟ್‌ಗೆ ಓದುವವರ ಪಾಡಂತೂ ಕೇಳುವುದೇ ಬೇಡ. ಇಂಥ ಮಗುವಿಗೆ ಮೊದಲ ಎರಡು ವಾರ ವೆಕ್ಟರ್, ಅನುಕಲನ ಹೇಳಿಕೊಡಲು ಒಪ್ಪುವವರು ಬೇಕು. ‘ಅದನ್ನು ಮ್ಯಾಥ್ಸ್‌ನವರು ನೋಡ್ಕೋತಾರೆ’ ಎನ್ನುವವರಿಂದ ಪ್ರಯೋಜನವಿಲ್ಲ.

ಪರೀಕ್ಷೆಗೆ ತಕ್ಕ ಮೇಷ್ಟ್ರು

ಪಿಯು ಬೋರ್ಡ್‌ನಲ್ಲಿ ಥಿಯರಿಗೆ 70 ಅಂಕ, ಪ್ರಾಯೋಗಿಕಕ್ಕೆ 30. ಥಿಯರಿಯಲ್ಲಿ ನಿರೂಪಣೆಯ ಹಂತಹಂತಕ್ಕೂ ಅಂಕವಿರುವುದರಿಂದ, ಬರೆಸಿ ತಿದ್ದುವವರು ಬೇಕು. ಸಿಇಟಿ ಭೌತಶಾಸ್ತ್ರದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ 45 ಪ್ರಶ್ನೆ, 180 ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಅಲ್ಲಿ ಯಾವ ಪ್ರಶ್ನೆ ಬಿಡಬೇಕು ಎಂಬುದನ್ನೂ ಕಲಿಸಬೇಕು.

ವಿಟಿಯು ಎಂಜಿನಿಯರಿಂಗ್‌ನವರ ಕತೆ ಬೇರೆ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಎದುರಿಸುವ ಫೀಲ್ಡ್ ಥಿಯರಿಯಲ್ಲಿ ಡೈವರ್ಜೆನ್ಸ್, ಕರ್ಲ್, ಸಿಲಿಂಡ್ರಿಕಲ್ ನಿರ್ದೇಶಾಂಕ, ಮ್ಯಾಕ್ಸ್‌ವೆಲ್ ಸಮೀಕರಣ ಎಲ್ಲವೂ ಇವೆ. ಪಿಯು ಪಾಠವನ್ನು ಸೊಗಸಾಗಿ ಹೇಳುವವರಿಗೂ ಇದರ ಬಳಕೆ ತಪ್ಪಿಹೋಗಿರಬಹುದು. ಫೋನ್‌ನಲ್ಲೇ ‘ಸರ್, ಫೀಲ್ಡ್ ಥಿಯರಿ ಇತ್ತೀಚೆಗೆ ಯಾರಿಗಾದರೂ ಹೇಳಿದ್ದೀರಾ?’ ಎಂದು ಕೇಳಿ.

ಎಲ್ಲಿ ಹುಡುಕುವುದು

ವೈಟ್‌ಫೀಲ್ಡ್‌ನಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ಹೆಚ್ಚು. ಶನಿವಾರ, ಭಾನುವಾರ ಪಾಠ ಹೇಳುವ ಐಟಿ ಉದ್ಯೋಗಿಗಳೂ ಸಿಗುತ್ತಾರೆ. ವಿಷಯ ಗೊತ್ತಿರುತ್ತದೆ, ಆದರೆ ರಿಲೀಸ್ ವಾರ ಬಂದರೆ ಕ್ಲಾಸ್ ತಪ್ಪುವ ಭಯ. ತಿಂಗಳಿಗೆ ಎಷ್ಟು ಕ್ಲಾಸ್, ತಪ್ಪಿದ್ದನ್ನು ಯಾವಾಗ ತುಂಬಿಕೊಡುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಎಲೆಕ್ಟ್ರಾನಿಕ್ಸ್ ಸಿಟಿ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿರುವುದರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ವಿಚಾರಿಸಬಹುದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಜಯನಗರದ ಕಡೆಯ ಲೆಕ್ಚರರ್‌ಗಳನ್ನೂ ಕೇಳಿ ನೋಡಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ನೆನೆದು ಒಪ್ಪದಿದ್ದವರಿಗೆ ಈಗ ಆ ನೆಪವಿಲ್ಲ.

ಪೀಣ್ಯ, ದಾಸರಹಳ್ಳಿ ಕಡೆ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಸೇರಿದ ಮಕ್ಕಳು ಬಹಳ. ಅವರಿಗೆ ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್‌ನಲ್ಲಿ ಬರೆಸುವವರು ಬೇಕು. ನೀಟ್, ಜೆಇಇ ಮೇನ್ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲೂ ಇರುತ್ತವೆ ಎಂಬುದು ಎಷ್ಟೋ ಮನೆಗಳಿಗೆ ತಿಳಿಯದು. ಪಕ್ಕದ ಜಾಲಹಳ್ಳಿಯಲ್ಲಿ 1950ರ ದಶಕದಿಂದಲೂ ಬಿಇಎಲ್, ಎಚ್‌ಎಂಟಿ ಇದ್ದುದರಿಂದ ನಿವೃತ್ತ ಎಂಜಿನಿಯರ್‌ಗಳು ಸುತ್ತಲಿನ ಬಡಾವಣೆಗಳಲ್ಲಿದ್ದಾರೆ. ಮೋಟಾರು, ಟ್ರಾನ್ಸ್‌ಫಾರ್ಮರ್ ಕೈಯಲ್ಲಿ ಬಿಚ್ಚಿ ನೋಡಿದ ಇಂಥವರು ಕಲ್ಪನೆಯ ತೊಡಕು ಬಿಡಿಸುವುದರಲ್ಲಿ ನಿಪುಣರು. ಈಗಿನ ಪ್ರಶ್ನೆಪತ್ರಿಕೆಯ ಮಾದರಿ ತಿಳಿದಿದೆಯೇ ಎಂಬುದನ್ನು ಮಾತ್ರ ಕೇಳಿಕೊಳ್ಳಿ.

ಇದೇ ಪೀಣ್ಯದಲ್ಲಿ ಕಾಸಿಲ್ಲದೆ ಸಿಗುವ ಪಾಠವೂ ಒಂದಿದೆ. ಮೋಟಾರ್ ರಿವೈಂಡಿಂಗ್ ಅಂಗಡಿಯವರನ್ನು ಕೇಳಿಕೊಂಡು, ಸುಟ್ಟ ಮೋಟಾರಿನ ಕೋರನ್ನು ಮಗುವಿಗೆ ತೋರಿಸಿ. ಹೊರಗಿನಿಂದ ಒಂದೇ ಗಟ್ಟಿ ಉಕ್ಕಿನಂತೆ ಕಾಣುವುದು ನಿಜವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ಹಾಳೆಗಳ ಪೇರಿಕೆ. ಹಾಳೆ ಹಾಳೆಗೂ ನಡುವೆ ನಿರೋಧಕ ಲೇಪ. ಗಟ್ಟಿ ಉಕ್ಕಾಗಿದ್ದರೆ ಬದಲಾಗುವ ಫ್ಲಕ್ಸ್‌ನಿಂದ ಅದರೊಳಗೇ ಸುಳಿ ಪ್ರವಾಹ ಹುಟ್ಟಿ ಕೋರ್ ಕಾಯುತ್ತಿತ್ತು. ಹಾಳೆ ಮಾಡಿದರೆ ಆ ಪ್ರವಾಹಕ್ಕೆ ಸುತ್ತಲು ಜಾಗ ಸಿಗದು. ಕೋರ್‌ಗೆ ಲ್ಯಾಮಿನೇಷನ್ ಏಕೆ ಎಂಬ ಎರಡು ಅಂಕದ ಪ್ರಶ್ನೆಯನ್ನು ಇದನ್ನು ಮುಟ್ಟಿ ನೋಡಿದ ಮಗು ಮರೆಯುವುದಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ವಿದ್ಯುತ್ ವಿಭಾಗಕ್ಕೂ ಒಂದು ಭಾನುವಾರ ಮೀಸಲಿಡಿ.

ಡೆಮೊ ಕ್ಲಾಸ್‌ನಲ್ಲಿ ಏನು ನೋಡಬೇಕು

ಡೆಮೊಗೆ ವಿಷಯ ಆರಿಸುವುದು ನೀವಾಗಿರಲಿ. ಅವರಿಗೆ ಬಿಟ್ಟರೆ ಚೆನ್ನಾಗಿ ಪಳಗಿದ ಪಾಠವನ್ನೇ ಹೇಳುತ್ತಾರೆ. ಮಗು ತಪ್ಪು ಮಾಡಿದ ಪ್ರಶ್ನೆಯನ್ನೇ ಮುಂದಿಡಿ. ನಾಲ್ಕನೆಯ ಪ್ರಶ್ನೆಯ ಲೆಂಜ್ ನಿಯಮ ಎನ್ನೋಣ. ಒಬ್ಬರು ತಕ್ಷಣ ಉತ್ತರ ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಇನ್ನೊಬ್ಬರು ಕೇಳುತ್ತಾರೆ: ‘ಎದುರು ಮುಖ ದಕ್ಷಿಣ ಧ್ರುವ ಅಂತೀಯಲ್ಲ, ಹಾಗಾದರೆ ಆಯಸ್ಕಾಂತವನ್ನು ಅದು ಎಳೆದುಕೊಳ್ಳಬೇಕು ತಾನೇ? ಆಗ ಆಯಸ್ಕಾಂತದ ವೇಗ ಏನಾಗುತ್ತೆ?’ ಹೆಚ್ಚಾಗುತ್ತದೆ. ‘ಪ್ರವಾಹ?’ ಅದೂ ಹೆಚ್ಚಾಗುತ್ತದೆ. ‘ಎಳೆತ?’ ಇನ್ನೂ ಹೆಚ್ಚು. ಯಾರೂ ತಳ್ಳದೆ ಶಕ್ತಿ ತಾನಾಗಿ ಹುಟ್ಟುತ್ತಾ ಹೋಗುತ್ತದೆ, ಇದು ಆಗದ ಮಾತು ಎಂದು ಮಗುವೇ ಹೇಳುತ್ತದೆ. ಲೆಂಜ್ ನಿಯಮವೆಂದರೆ ಶಕ್ತಿ ಸಂರಕ್ಷಣೆ ಎಂಬುದು ಅಲ್ಲಿಗೆ ಬಂದು ನಿಲ್ಲುತ್ತದೆ. ನೀವು ಗೊತ್ತುಮಾಡಬೇಕಾದವರು ಈ ಎರಡನೆಯವರು.

ಗಂಟೆಯಲ್ಲಿ ಪೆನ್ನು ಯಾರ ಕೈಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನೂ ಗಮನಿಸಿ. ಆನ್‌ಲೈನ್ ಪಾಠವಾದರೆ ಬರೆಯುವ ಪ್ಯಾಡ್ ಜೊತೆ ಮೇಷ್ಟ್ರ ಕೈಯೂ ಕಾಣುವಂತೆ ಕ್ಯಾಮೆರಾ ಇರಲಿ. ಬಲಗೈ ನಿಯಮವನ್ನು ಬರೀ ಸ್ಲೈಡ್‌ನಲ್ಲಿ ಕಲಿಯುವುದು ಕಷ್ಟ.

ಫೀಸು, ರಸೀದಿ, ಎಚ್ಚರ

ಇಡೀ ವರ್ಷದ ಫೀಸನ್ನು ಒಟ್ಟಿಗೆ ಕಟ್ಟಬೇಡಿ. ಮನೆಪಾಠಕ್ಕೆ ತಿಂಗಳ ಲೆಕ್ಕ ಅಥವಾ ಅಧ್ಯಾಯದ ಲೆಕ್ಕ ಸಾಕು. ನೋಂದಾಯಿತ ಕೋಚಿಂಗ್ ಸೆಂಟರಿನ ಫೀಸಿಗೆ ಶೇ 18 ಜಿಎಸ್‌ಟಿ ಸೇರುತ್ತದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳಿ ರಸೀದಿ ಪಡೆಯಿರಿ. ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳುವಂತಿಲ್ಲ, ರ‍್ಯಾಂಕ್ ಗ್ಯಾರಂಟಿ ಕೊಡುವಂತಿಲ್ಲ, ಪೂರ್ತಿ ಫೀಸು ಕಟ್ಟಿದವರು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ನಿಷೇಧಿಸುತ್ತದೆ. ಮನೆಗೆ ಬಂದು ಪಾಠ ಹೇಳುವವರ ಗುರುತಿನ ಚೀಟಿ ನೋಡಿಕೊಳ್ಳಿ. ಪಾಠ ಹಾಲ್‌ನಲ್ಲೇ ನಡೆಯಲಿ.

ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಅದೇ ಬಗೆಯ ಪ್ರಶ್ನೆಗಳನ್ನು ಅಂಕಿ ಬದಲಿಸಿ ಕೊಡಿ, ಉತ್ತರದ ಜೊತೆ ಕಾರಣವನ್ನೂ ಬಾಯಲ್ಲಿ ಹೇಳಿಸಿ. ತಡವರಿಸದೆ ಹೇಳಿದರೆ ಪಾಠ ಹತ್ತುತ್ತಿದೆ. ಹೇಳದಿದ್ದರೆ ಮೇಷ್ಟ್ರ ಜೊತೆ ಕೂತು ಮಾತಾಡಿ, ಇನ್ನೆರಡು ವಾರ ನೋಡಿ, ಆಗಲೂ ಆಗದಿದ್ದರೆ ಬದಲಿಸಿ. ಸಂಕೋಚಪಟ್ಟು ಜನವರಿವರೆಗೆ ಎಳೆದರೆ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಬೋರ್ಡ್ ಪರೀಕ್ಷೆ ಬಂದು ನಿಂತಿರುತ್ತದೆ. ಆಗ ಹೊಸಬರನ್ನು ಗೊತ್ತುಮಾಡಿ ಎಂಟು ಅಧ್ಯಾಯ ಮುಗಿಸಲು ಯಾರಿಂದಲೂ ಆಗದು.