ಅಕ್ಷರಗುಂಡಿನಿಂದ ಫ್ಲಾಪಿಯವರೆಗೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಊರವರು ಅದನ್ನು ಕರೆಯುತ್ತಿದ್ದುದು ‘ಅಕ್ಷರಗುಂಡು’ ಎಂದು. ಅದರ ಮೇಲೆ ಅಕ್ಷರಗಳಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏನು ಬರೆದಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬಂಡೆಗೆ ಔಷಧದ ಗುಣವಿದೆ ಎಂಬ ನಂಬಿಕೆಯಷ್ಟೇ ಉಳಿದಿತ್ತು.

1892ರಲ್ಲಿ ಬಿ.ಎಲ್. ರೈಸ್ ಈ ಶಾಸನವನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಸರ್ಕಾರಿ ಸುತ್ತೋಲೆ ಎಂದರೂ ಸರಿಯೆ. ತಂದೆತಾಯಿಗಳ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬಂಥ ಬುದ್ಧಿಮಾತುಗಳು ಅದರಲ್ಲಿವೆ. ಮನೆಯ ಹಿರಿಯರು ಹೇಳುವಂಥದ್ದೇ. ಆದರೂ ಶತಮಾನಗಳ ಕಾಲ ಅದನ್ನು ಓದುವವರಿರಲಿಲ್ಲ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿದಾಗಲೂ ಅವುಗಳ ಬರಹ ಯಾವ ಪಂಡಿತರಿಗೂ ದಕ್ಕಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದ್ದು 1837ರಲ್ಲಿ.

ಕಲ್ಲು ಕೂಡ ಸವೆಯುತ್ತದೆನ್ನಿ. ಜಟಿಂಗ ರಾಮೇಶ್ವರದ ಶಾಸನ ಬಹಳಷ್ಟು ಮಾಸಿಹೋಗಿದೆ. ಆದರೆ ಬ್ರಹ್ಮಗಿರಿಯಲ್ಲಿ ಕೈಕೊಟ್ಟದ್ದು ಕಲ್ಲಲ್ಲ, ಓದುವ ವಿದ್ಯೆ.

ಇನ್ನೊಂದು ಸ್ವಾರಸ್ಯವಿದೆ. ಶಾಸನ ಬರೆದ ಚಪಡ ಕೊನೆಯಲ್ಲಿ ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ದೂರದ ವಾಯವ್ಯ ಭಾರತದ ಲಿಪಿ. ಬ್ರಾಹ್ಮಿಯಿಂದ ನಮ್ಮ ಕನ್ನಡ ಲಿಪಿ ಬೆಳೆಯಿತು. ಖರೋಷ್ಠಿಗೆ ವಂಶವೇ ಇಲ್ಲ. ಅದನ್ನು ಓದಲು ನೆರವಾದದ್ದು ಒಂದು ಮುಖದಲ್ಲಿ ಗ್ರೀಕ್, ಇನ್ನೊಂದರಲ್ಲಿ ಖರೋಷ್ಠಿ ಇದ್ದ ಹಳೆಯ ನಾಣ್ಯಗಳು.

ಈಗ ನಮ್ಮ ಕಚೇರಿ, ಗ್ರಂಥಾಲಯಗಳ ಬೀರುಗಳನ್ನು ನೆನೆಯಿರಿ. 1.44 ಎಂಬಿಯ ಫ್ಲಾಪಿಯಲ್ಲಿ ಕಡತ ಉಳಿದಿದ್ದರೂ ಅದನ್ನು ಓದುವ ಡ್ರೈವ್ ಇಂದಿನ ಕಂಪ್ಯೂಟರುಗಳಲ್ಲಿಲ್ಲ. ಹಿಂದಿನ ಕಾಲದ ಮೈಕ್ರೋಫಿಲ್ಮೇ ಮೇಲು: ಫಿಲ್ಮು ಕೆಡದಿದ್ದರೆ ಒಂದು ಮಸೂರ, ಒಂದಿಷ್ಟು ಬೆಳಕು ಸಾಕು. ಎಲ್ಲಿಂದಲೋ ಡ್ರೈವ್ ತಂದು ಕಡತ ತೆರೆದರೂ ಕನ್ನಡದ ಕಷ್ಟ ಬೇರೆಯೇ ಇದೆ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳನ್ನು ಕೂರಿಸುತ್ತಿದ್ದರು. ಆ ಫಾಂಟು ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಗುರುತುಗಳ ಸಾಲು.

ಇಂಥ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಯಾವ ಗುರುತಿಗೆ ಯಾವ ಅಕ್ಷರ ಎಂಬ ಪಟ್ಟಿಯೇ ಅವುಗಳ ಬಂಡವಾಳ. ಆ ನಾಣ್ಯಗಳು ಮಾಡಿದ ಕೆಲಸವೂ ಅದೇ.