ನಿಂತ ಕಾರಿನ ಬ್ಯಾಟರಿ ಖಾಲಿಯಾಗುವುದು ಹೇಗೆ?

ಬೆಳಿಗ್ಗೆ ಕೀ ತಿರುಗಿಸಿದಾಗ ಗಾಡಿ ‘ಟಕ್ ಟಕ್’ ಎಂದು ಸುಮ್ಮನಾದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಬ್ಯಾಟರಿ ಹೋಯ್ತು.’ ನಾಲ್ಕು ಜನ ಸೇರಿ ತಳ್ಳುತ್ತಾರೆ. ಗಾಡಿ ಸ್ಟಾರ್ಟ್ ಆಗಿ ಸೀದಾ ಬ್ಯಾಟರಿ ಅಂಗಡಿಗೆ ಹೋಗುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಕೆಲವು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ‘ಟಕ್ ಟಕ್’.

ನಮ್ಮ ಮಾಮು ಬಟ್ಟೆ ವ್ಯಾಪಾರಿ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಬೇಲೂರು ಕಡೆಯ ಸಂತೆಗಳಿಗೆ ಹೋಗುತ್ತಾರೆ. ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರಿನ ಹಿಂದಿನ ಸೀಟು ತೆಗೆಸಿ ಗಂಟುಗಳನ್ನು ತುಂಬುತ್ತಾರೆ. ಹತ್ತು ತಿಂಗಳಲ್ಲಿ ಆ ಕಾರಿಗೆ ಎರಡು ಬ್ಯಾಟರಿ ಆಗಿತ್ತು. ಎರಡನೆಯದನ್ನು ಅಂಗಡಿಯವರು ಚಾರ್ಜ್ ಮಾಡಿ ಪರೀಕ್ಷಿಸಿ, ‘ಬ್ಯಾಟರಿಯಲ್ಲಿ ದೋಷ ಇಲ್ಲ ಭಾಯ್, ವಾರಂಟಿ ಬರಲ್ಲ’ ಎಂದು ವಾಪಸ್ ಕೊಟ್ಟರು. ಸಂತೆಯ ದಿನ ಬೆಳಿಗ್ಗೆ ಗಾಡಿ ಕೈಕೊಟ್ಟರೆ ಆ ದಿನದ ದುಡಿಮೆ ಹೋದಂತೆಯೇ. ಹೊತ್ತು ಮೀರಿದ ಮೇಲೆ ಸಂತೆಯಲ್ಲಿ ಒಳ್ಳೆಯ ಜಾಗ ಸಿಗುವುದಿಲ್ಲ. ಹಾಗಾಗಿ ಚೀಟಿ ಎತ್ತಿ ಇನ್ನೂ ದೊಡ್ಡ ಬ್ಯಾಟರಿ ಹಾಕಿಸುವ ಮಾತು ಮನೆಯಲ್ಲಿ ನಡೆಯುತ್ತಿತ್ತು.

ನನಗೆ ಅದು ಸರಿ ಕಾಣಲಿಲ್ಲ. ಅರಸೀಕೆರೆಯಲ್ಲಿ ಹುಟ್ಟಿದವರಿಗೆ ನೀರಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ರಾತ್ರಿ ತುಂಬಿದ ಸಿಂಟೆಕ್ಸ್ ಟ್ಯಾಂಕ್ ಬೆಳಿಗ್ಗೆ ಖಾಲಿಯಾಗಿದ್ದರೆ ನಾವು ಯಾವ ನಲ್ಲಿ ಸೋರುತ್ತಿದೆ ಎಂದು ಹುಡುಕುತ್ತೇವೆ, ದೊಡ್ಡ ಟ್ಯಾಂಕ್ ತರಲು ಓಡುವುದಿಲ್ಲ. ಮಾಮುವಿನ ಕಾರಿನಲ್ಲಿ ಒಂದು ಸುಳಿವೂ ಇತ್ತು. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ, ಒಂದು ದಿನ ಪೂರ್ತಿ ಮನೆಯಲ್ಲಿ ನಿಂತರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ. ನಿಂತಾಗಲೇ ಏನೋ ವಿದ್ಯುತ್ತನ್ನು ಕುಡಿಯುತ್ತಿದೆ ಎಂದು ಇದರರ್ಥ.

ಲೆಡ್-ಆಸಿಡ್ ಬ್ಯಾಟರಿ ನಮ್ಮ ರಸಾಯನಶಾಸ್ತ್ರ ಪುಸ್ತಕದಲ್ಲೇ ಇದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಆ ಬ್ಯಾಟರಿಯ ತತ್ವವೇ ಇಂದಿಗೂ ಕಾರುಗಳಲ್ಲಿ ಕೆಲಸ ಮಾಡುತ್ತಿದೆ. ಒಂದು ಫಲಕ ಸೀಸ, ಇನ್ನೊಂದು ಲೆಡ್ ಡಯಾಕ್ಸೈಡ್, ನಡುವೆ ಸಲ್ಫ್ಯೂರಿಕ್ ಆಮ್ಲ. ಬ್ಯಾಟರಿ ವಿದ್ಯುತ್ ಕೊಡುವಾಗ ಎರಡೂ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗುತ್ತದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಮೊದಲನೆಯ ಬ್ಯಾಟರಿ ಕೆಟ್ಟದ್ದು ನಿಜವೇ. ಆದರೆ ವಾರವಾರ ಖಾಲಿ ಮಾಡಿ ಅದನ್ನು ಕೆಡಿಸಿದ್ದು ಕಾರು.

ಮುನ್ನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ. ಇಲ್ಲಿಂದ ಮುಂದಿನದನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಮೂರು ಎಚ್ಚರಿಕೆ ಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೆಂಕಿ, ಬೀಡಿ ಇರಬಾರದು. ಕೈಯಲ್ಲಿ ಉಂಗುರ, ಲೋಹದ ವಾಚ್ ಬೇಡ. ಬಿಚ್ಚುವಾಗ ಯಾವತ್ತೂ ನೆಗೆಟಿವ್ ಟರ್ಮಿನಲ್ ಮೊದಲು, ಹಾಕುವಾಗ ಅದು ಕೊನೆಗೆ. ಕಾರಿನ ಬಾಡಿಯೇ ನೆಗೆಟಿವ್ ತಂತಿ ಇದ್ದ ಹಾಗೆ. ಪಾಸಿಟಿವ್ ಅನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್ ಸರ್ಕ್ಯೂಟ್.

ಮೊದಲು ಬ್ಯಾಟರಿಯನ್ನು ಪರೀಕ್ಷಿಸಿದೆ. ರಾತ್ರಿಯಿಡೀ ಚಾರ್ಜ್ ಮಾಡಿಸಿ, ಕಾರಿನಿಂದ ಬೇರ್ಪಡಿಸಿ, ಎರಡು ದಿನ ಮನೆಯ ಮೂಲೆಯಲ್ಲಿ ಇಟ್ಟೆ. ಸುಸ್ಥಿತಿಯ ಬ್ಯಾಟರಿ ತುಂಬಿದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಮುಗಿದಂತೆ. ಹಾಗಾಗಿ ‘ಹನ್ನೆರಡು ವೋಲ್ಟ್ ಇದೆಯಲ್ಲ’ ಎಂದು ಸಮಾಧಾನ ಪಡುವಂತಿಲ್ಲ. ಎರಡು ದಿನದ ನಂತರವೂ ನಮ್ಮದು 12.6 ಇತ್ತು. ಕಾರಿಗೆ ಜೋಡಿಸಿ ಮತ್ತೆರಡು ದಿನ ಬಿಟ್ಟಾಗ 11.7. ಅಂಗಡಿಯವರು ಹೇಳಿದ್ದು ಸರಿಯಾಗಿತ್ತು.

ಎಂಜಿನ್ ಓಡುವಾಗ ಟರ್ಮಿನಲ್‌ಗಳ ನಡುವೆ 14.1 ವೋಲ್ಟ್ ಬಂತು. 13.8ರಿಂದ 14.4ರವರೆಗೆ ಇದ್ದರೆ ಚಾರ್ಜಿಂಗ್ ಆಗುತ್ತಿದೆ ಎಂದರ್ಥ. ಇದನ್ನು ನೋಡಿದ ಮಾಮು, ‘ಹಂಗಾದ್ರೆ ಡೈನಮೋ ಚೆನ್ನಾಗಿದೆ, ಅದರ ಸುದ್ದಿ ಬಿಡು’ ಎಂದರು. ಮೆಕ್ಯಾನಿಕ್‌ಗಳೂ ಆಲ್ಟರ್ನೇಟರ್ ಅನ್ನು ಡೈನಮೋ ಎಂದೇ ಕರೆಯುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನು ಸೋರಿಕೆಯ ಅಳತೆ. ಆಮ್ಮೀಟರ್ ಅನ್ನು ಸರಣಿಯಲ್ಲಿ ಜೋಡಿಸಬೇಕು ಎಂದು ಸರ್ ಎಷ್ಟು ಸಲ ಹೇಳಿದ್ದಾರೋ! ಅದರ ರೋಧ ತೀರಾ ಕಡಿಮೆ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರ್ ಹಿಡಿಯಬೇಕು. ಕಾರಿನಿಂದ ಹೊರಬರುವ ಕರೆಂಟ್ ಎಲ್ಲ ಆಗ ಮೀಟರಿನ ಮೂಲಕವೇ ಹಾದು ಹೋಗುತ್ತದೆ. ಕೀ ಜೇಬಿನಲ್ಲಿ ಇರಲಿ. ಸೆಲ್ಫ್ ಮೋಟಾರ್ ನೂರು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ, ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಒಳಗಿನ ದೀಪವನ್ನೇ ಅಳೆಯುತ್ತೀರಿ. ಅಳತೆ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ವೋಲ್ಟೇಜ್ ನೋಡಲು ಹೋದರೆ ಬ್ಯಾಟರಿಯನ್ನು ಮೀಟರಿನಿಂದಲೇ ಶಾರ್ಟ್ ಮಾಡಿದಂತಾಗುತ್ತದೆ.

ನಿಂತ ಕಾರು ಸ್ವಲ್ಪ ಕರೆಂಟ್ ಎಳೆಯುವುದು ಸಹಜ. ಗಡಿಯಾರ, ಸ್ಟೀರಿಯೋದ ನೆನಪು ಇವಕ್ಕೆಲ್ಲ ಅದು ಬೇಕು. 50 ಮಿಲಿಆಂಪಿಯರ್ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಹಳೆಯ ಕಾರುಗಳಲ್ಲಿ ಇನ್ನೂ ಕಡಿಮೆ ಇರಬೇಕು. ನಮ್ಮ ಮೀಟರ್ ತೋರಿಸಿದ್ದು 0.62 ಆಂಪಿಯರ್. ಅಂದರೆ 620 ಮಿಲಿಆಂಪಿಯರ್!

ಬ್ಯಾಟರಿಯ ಮೇಲೆ 35 ಆಂಪಿಯರ್-ಅವರ್ ಎಂದು ಬರೆದಿದೆ. 0.62 ಆಂಪಿಯರ್‌ನಂತೆ ರಾತ್ರಿಯ ಹನ್ನೆರಡು ಗಂಟೆಗೆ ಸುಮಾರು 7.4 ಆಂಪಿಯರ್-ಅವರ್ ಹೋಗುತ್ತದೆ. ಐದನೇ ಒಂದು ಭಾಗ ಹೋದರೂ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಹಳೇಬೀಡು ಮುಟ್ಟುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಎರಡು ರಾತ್ರಿ, ಒಂದು ಹಗಲು ನಿಂತರೆ 22 ಹೋಯಿತು. ಮೇಲಾಗಿ ಬೇಲೂರು ಕಡೆಯ ಡಿಸೆಂಬರ್ ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ, ಎಂಜಿನ್ ಆಯಿಲ್ ಮಂದವಾಗಿ ಸೆಲ್ಫ್‌ಗೆ ಹೆಚ್ಚು ಬಲ ಬೇಕಾಗುತ್ತದೆ. ಮಾಮುವಿನ ತೊಂದರೆಗೂ ಈ ಲೆಕ್ಕಕ್ಕೂ ಅಕ್ಷರಶಃ ತಾಳೆಯಾಯಿತು. ದೊಡ್ಡ ಬ್ಯಾಟರಿ ಹಾಕಿದ್ದರೆ ಇನ್ನೊಂದು ದಿನ ತಡವಾಗಿ ಕೈಕೊಡುತ್ತಿತ್ತು, ಅಷ್ಟೇ.

ಕುಡಿಯುತ್ತಿರುವುದು ಯಾವುದು ಎಂದು ತಿಳಿಯಲು ಮೀಟರನ್ನು ಹಾಗೇ ಇಟ್ಟು ಒಬ್ಬೊಬ್ಬರಾಗಿ ಫ್ಯೂಸ್ ಕೀಳಬೇಕು. ಒಬ್ಬರು ಮೀಟರ್ ನೋಡಲು, ಒಬ್ಬರು ಫ್ಯೂಸ್ ಕೀಳಲು ಇದ್ದರೆ ಒಳ್ಳೆಯದು. ಯಾವ ಫ್ಯೂಸ್ ಕಿತ್ತಾಗ ಅಂಕಿ ಧಪ್ಪನೆ ಇಳಿಯುತ್ತದೋ ಆ ದಾರಿಯಲ್ಲೇ ಸೋರಿಕೆ. ಹೆಚ್ಚಿನ ಗಾಡಿಗಳಲ್ಲಿ ಇಲ್ಲಿಗೇ ಉತ್ತರ ಸಿಗುತ್ತದೆ: ಆರದ ಡಿಕ್ಕಿ ದೀಪ, ಅಂಟಿಕೊಂಡ ಬಾಗಿಲಿನ ಸ್ವಿಚ್, ಆಮೇಲೆ ಹಾಕಿಸಿದ ಸ್ಟೀರಿಯೋ. ಡಿಕ್ಕಿಯ 5 ವ್ಯಾಟ್ ಬಲ್ಬ್ ಒಂದೇ ಸುಮಾರು 0.4 ಆಂಪಿಯರ್ ಎಳೆಯುತ್ತದೆ. ನಮ್ಮ ಅನುಮಾನವೂ ಸ್ಟೀರಿಯೋ ಮೇಲೇ ಇತ್ತು. ಅದರ ಫ್ಯೂಸ್ ಕಿತ್ತಾಗ 0.62 ಇದ್ದದ್ದು 0.60 ಆಯಿತು. ಉಳಿದವನ್ನೆಲ್ಲ ಕಿತ್ತರೂ 0.60 ಅಲುಗಲಿಲ್ಲ.

ನನಗೆ ತುಂಬಾ ಇಷ್ಟವಾದ ಘಟ್ಟ ಇದು. ಎಲ್ಲ ಫ್ಯೂಸ್ ಕಿತ್ತ ಮೇಲೂ ಕರೆಂಟ್ ಹರಿಯುತ್ತಿದ್ದರೆ ಅದು ಆ ಫ್ಯೂಸ್‌ಗಳನ್ನು ದಾಟದೆ ನೇರವಾಗಿ ಬ್ಯಾಟರಿಗೆ ಸೇರಿದ ತಂತಿಯಲ್ಲೇ ಹೋಗುತ್ತಿರಬೇಕು. ಹಳೆಯ ಕಾರಿನಲ್ಲಿ ಅಂಥ ದಪ್ಪ ತಂತಿಗಳು ಎರಡೇ: ಸೆಲ್ಫ್ ಮೋಟಾರಿನದು, ಆಲ್ಟರ್ನೇಟರಿನದು.

ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ. ಅದನ್ನು ಡಿಸಿ ಮಾಡಲು ಒಳಗೇ ಡಯೋಡ್‌ಗಳ ತಟ್ಟೆ ಇದೆ, ನಾವು ಅರೆವಾಹಕಗಳ ಪಾಠದಲ್ಲಿ ಓದುವ ರೆಕ್ಟಿಫೈಯರ್ ಅದೇ. ಎಂಜಿನ್ ನಿಂತಾಗ ಬ್ಯಾಟರಿಯಿಂದ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವುದೂ ಈ ಡಯೋಡ್‌ಗಳೇ. ವರ್ಷಗಟ್ಟಲೆ ಶಾಖ ತಿಂದ ಡಯೋಡ್ ದುರ್ಬಲವಾದರೆ ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೂ ಉಳಿದ ಡಯೋಡ್‌ಗಳಿಂದ ಚಾರ್ಜಿಂಗ್ ನಡೆಯುತ್ತಿರುತ್ತದೆ, ಮೀಟರ್ 14 ತೋರಿಸುತ್ತದೆ, ‘ಡೈನಮೋ ಚೆನ್ನಾಗಿದೆ’ ಎಂದು ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ.

ಮೀಟರ್ ಇಲ್ಲದೆಯೂ ಇದರ ಸುಳಿವು ಹಿಡಿಯಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಆಲ್ಟರ್ನೇಟರ್ ಮುಟ್ಟಿ ನೋಡಿ. 0.6 ಆಂಪಿಯರ್ ಎಂದರೆ ಏಳು ವ್ಯಾಟ್‌ಗೂ ಹೆಚ್ಚು, ರಾತ್ರಿಯಿಡೀ ಅದು ಶಾಖವಾಗುತ್ತಿರುತ್ತದೆ. ಮಾಮುವನ್ನು ಕರೆದು ಮುಟ್ಟಿಸಿದೆ. ಸುತ್ತಲ ಕಬ್ಬಿಣ ಎಲ್ಲ ಮಂಜಿನಂತೆ ತಣ್ಣಗೆ, ಅದೊಂದು ಮಾತ್ರ ಬೆಚ್ಚಗೆ. ‘ಅರೇ, ರಾತ್ರಿಯೆಲ್ಲ ಇದು ಎದ್ದೇ ಇತ್ತಾ!’ ಎಂದರು.

ಬ್ಯಾಟರಿಯ ನೆಗೆಟಿವ್ ತೆಗೆದು ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಫ್ಯೂಸ್‌ಗಳನ್ನೆಲ್ಲ ವಾಪಸ್ ಹಾಕಿ ಮತ್ತೆ ಅಳೆದೆವು. 0.02. ಎಲೆಕ್ಟ್ರಿಷಿಯನ್ ಡಯೋಡ್ ತಟ್ಟೆ ಬದಲಿಸಿದ್ದಕ್ಕೆ ಕೂಲಿ ಸೇರಿ ತೆಗೆದುಕೊಂಡದ್ದು ಹೊಸ ಬ್ಯಾಟರಿಯ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ತಟ್ಟೆ ಹಾಕಿದ ಮೇಲೂ ಅಳೆದೆ, 0.02 ಹಾಗೇ ಇದೆ. ಚೀಟಿ ಎತ್ತುವ ಮಾತು ನಿಂತಿತು. ಬ್ಯಾಟರಿ ಹಲವು ಸಲ ಖಾಲಿಯಾಗಿ ಸ್ವಲ್ಪ ಸೋತಿದೆ, ಆದರೂ ನಡೆಯುತ್ತಿದೆ.

ಇದೇ ವಿಧಾನ ಅಂಬಾಸಿಡರ್, ಮಾರುತಿ 800, ಹಳೆಯ ಜೀಪು ಎಲ್ಲಕ್ಕೂ ಆಗುತ್ತದೆ. 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿದೆ, ಅಂದರೆ ರಸ್ತೆಯಲ್ಲಿರುವ ಅವೆಲ್ಲವೂ ಈಗ ಹಳೆಯ ಗಾಡಿಗಳೇ. ಹೊಸ ಕಾರುಗಳಲ್ಲಿ ಮಾತ್ರ ಒಂದು ವ್ಯತ್ಯಾಸ ಇದೆ. ಬಾಗಿಲು ಮುಚ್ಚಿದ ಮೇಲೂ ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲು ಅರ್ಧ ಗಂಟೆಯೂ ಆಗಬಹುದು, ಅಲ್ಲಿಯವರೆಗೆ ಅಂಕಿ ನಂಬಬೇಡಿ.

ಮೀಟರ್ ನನ್ನ ಬಳಿ ಇದೆ. ನಮ್ಮ ಉಪನ್ಯಾಸಕರಲ್ಲಿ ಇಬ್ಬರು ಮೂವರ ಕಾರುಗಳನ್ನು ಗೇಟಿನ ಬಳಿ ನಾವೇ ತಳ್ಳಿದ್ದೇವೆ. ಬೇಕಾದವರು ಶನಿವಾರ ತರಗತಿ ಮುಗಿದ ಮೇಲೆ ತಿಳಿಸಿದರೆ ಬಂದು ಅಳೆದು ಕೊಡುತ್ತೇನೆ. ಹಿಂದಿನ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಹತ್ತನೇ ನಂಬರ್ ಸ್ಪ್ಯಾನರ್ ಒಂದು ಇರಲಿ.