ಒಂದೇ ಕಡೆ ತಿದ್ದಿದರೆ ಎಲ್ಲ ಕೈಪಿಡಿಯೂ ಸರಿ

ಪಂಚನಹಳ್ಳಿ ಚಿಕ್ಕಮಗಳೂರು ಜಿಲ್ಲೆಯದೇ ಆದರೂ ಕಾಫಿ ಬೆಟ್ಟಗಳ ಮಳೆ ಇಲ್ಲಿಗಿಲ್ಲ. ಕಡೂರು ತಾಲ್ಲೂಕಿನ ಈ ಬಯಲುಸೀಮೆ ಹೋಬಳಿಯಲ್ಲಿ ತೆಂಗು ಉಳಿಯುವುದು ಕೊಳವೆಬಾವಿಯ ನಂಬಿಕೆಯ ಮೇಲೆ. ಒಂದು ಫೇಸ್ ಹೋದಾಗಲೂ ಮೋಟರ್ ಓಡುತ್ತಲೇ ಇದ್ದರೆ, ಇಲ್ಲವೇ ಬಾವಿಯಲ್ಲಿ ನೀರಿಲ್ಲದೆ ಓಡಿದರೆ, ಅದು ಸುಟ್ಟುಹೋಗುತ್ತದೆ. ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ರೈತನದು. ಅದನ್ನು ತಪ್ಪಿಸುವ ನಾಲ್ಕು ಸಾಲಿನ ಸೂಚನೆ ಪಂಪಿನ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿರಬೇಕು; ಅದೂ ಕನ್ನಡದಲ್ಲಿ.

ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ–2022 ಹೇಳುತ್ತದೆ. ಆದರೆ ಒಮ್ಮೆ ಅನುವಾದಿಸಿ ಅಚ್ಚು ಹಾಕಿದರೆ ಕೆಲಸ ಮುಗಿಯುವುದಿಲ್ಲ. ಪಂಪಿನ ಮಾದರಿ ಬದಲಾಗುತ್ತದೆ, ಇಂಗ್ಲಿಷ್ ಕೈಪಿಡಿಯೂ ಬದಲಾಗುತ್ತದೆ, ಕನ್ನಡದ್ದು ಮಾತ್ರ ಹಳತಾಗಿಯೇ ಉಳಿಯುತ್ತದೆ. ತಪ್ಪು ವೈರಿಂಗ್ ಹೇಳುವ ಕೈಪಿಡಿ, ಕೈಪಿಡಿಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ಇದಕ್ಕೆ ತಾಂತ್ರಿಕ ಬರವಣಿಗೆಯ ಲೋಕ ಕಂಡುಕೊಂಡ ಉತ್ತರ, ಬರಹದ ಭಾಗಗಳಿಗೆ ಗುರುತು ಹಚ್ಚುವ ಎಕ್ಸ್‌ಎಂಎಲ್ ಆಧಾರಿತ ಬಿಡಿ ಬರವಣಿಗೆ. ಇಲ್ಲಿ ಇಡೀ ಪುಸ್ತಕವನ್ನು ಯಾರೂ ಬರೆಯುವುದಿಲ್ಲ. ಸ್ಟಾರ್ಟರ್ ಜೋಡಿಸುವ ಕ್ರಮ ಒಂದು ಟಾಪಿಕ್, ವಿದ್ಯುತ್ ಎಚ್ಚರಿಕೆ ಇನ್ನೊಂದು, ಅಳತೆಗಳ ಪಟ್ಟಿ ಮತ್ತೊಂದು. ಪ್ರತಿಯೊಂದಕ್ಕೂ ತನ್ನದೇ ಗುರುತು. ಯಾವ ಕೈಪಿಡಿಗೆ ಯಾವ ಟಾಪಿಕ್‌ಗಳು, ಯಾವ ಕ್ರಮದಲ್ಲಿ ಎಂಬುದನ್ನು ‘ಮ್ಯಾಪ್’ ಎಂಬ ಕಡತ ಹೇಳುತ್ತದೆ. ಹತ್ತು ಮಾದರಿಯ ಪಂಪುಗಳಿಗೆ ಎಚ್ಚರಿಕೆ ಒಂದೇ ಆಗಿದ್ದರೆ ಅದನ್ನು ಬರೆಯುವುದು ಒಂದೇ ಕಡೆ. ಅಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರೆ ಹತ್ತು ಕೈಪಿಡಿಗಳೂ ತಿದ್ದಿಕೊಳ್ಳುತ್ತವೆ. ಅನುವಾದಕನ ಕೈಗೂ ಇಡೀ ಪುಸ್ತಕವಲ್ಲ, ಬದಲಾದ ಟಾಪಿಕ್ ಮಾತ್ರ ಹೋಗುತ್ತದೆ. ಕನ್ನಡ ಆವೃತ್ತಿಯನ್ನು ಸದಾ ಹೊಸದಾಗಿಡುವ ಖರ್ಚು ಇಳಿಯುವುದು ಇಲ್ಲೇ.

ಬರಹ ಬೇರೆ, ಅದರ ರೂಪ ಬೇರೆ ಎಂಬುದು ಈ ವಿಧಾನದ ತಿರುಳು. ಬರೆಯುವವರು ಅಕ್ಷರದ ಗಾತ್ರ, ಬಣ್ಣ ನೋಡುವುದಿಲ್ಲ. ಇದು ಹಂತ, ಇದು ಎಚ್ಚರಿಕೆ, ಇದು ಫಲಿತಾಂಶ ಎಂದು ಗುರುತಿಸುತ್ತಾರೆ. ಅದೇ ಮೂಲದಿಂದ ಮುದ್ರಣಕ್ಕೆ ಪಿಡಿಎಫ್, ಮೊಬೈಲಿಗೆ ಎಚ್‌ಟಿಎಂಎಲ್ ಪುಟ ಸಿದ್ಧವಾಗುತ್ತವೆ.

ಎಕ್ಸ್‌ಎಂಎಲ್ 1998ರಲ್ಲಿ ಮಾನದಂಡವಾಯಿತು. ಅದರ ಮೇಲೆ ಐಬಿಎಂ ಕಟ್ಟಿದ, ಟಾಪಿಕ್ ಮತ್ತು ಮ್ಯಾಪ್‌ಗಳ ‘ಡಿಟಾ’ ಪದ್ಧತಿಯ ಮೊದಲ ಆವೃತ್ತಿಗೆ ಮಾನದಂಡ ರೂಪಿಸುವ ಓಯಾಸಿಸ್ ಸಂಸ್ಥೆ 2005ರಲ್ಲಿ ಒಪ್ಪಿಗೆ ಕೊಟ್ಟಿತು. ವಿಮಾನ, ರಕ್ಷಣಾ ಕ್ಷೇತ್ರಕ್ಕೆ ‘ಎಸ್‌1000ಡಿ’ ಎಂಬ ಬೇರೆಯೇ ಮಾನದಂಡವಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಹಲವು ತಾಂತ್ರಿಕ ಬರಹಗಾರರಿಗೆ ಡಿಟಾ ದಿನನಿತ್ಯದ ಕೆಲಸ. ಕೈಪಿಡಿ ಸಿದ್ಧಪಡಿಸುವ ‘ಡಿಟಾ ಓಪನ್ ಟೂಲ್‌ಕಿಟ್’ ಉಚಿತವಾಗಿಯೇ ಸಿಗುತ್ತದೆ. ಜಗತ್ತಿಗೆಲ್ಲ ಇಂಗ್ಲಿಷ್ ಕೈಪಿಡಿ ಬರೆದುಕೊಡುವ ಜಾಣ್ಮೆ ನಮ್ಮ ರಾಜಧಾನಿಯಲ್ಲೇ ಇರುವಾಗ, ಅದು ಪಂಚನಹಳ್ಳಿಯ ತೋಟಕ್ಕೂ ತಲುಪಬೇಕು.

ಅದಕ್ಕೆ ಮೊದಲು ಆಗಬೇಕಾದ ಕೆಲಸಗಳಿವೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಯೂನಿಕೋಡ್‌ಗೆ ಬರಬೇಕು. ಇಲ್ಲದಿದ್ದರೆ ಎಕ್ಸ್‌ಎಂಎಲ್ ಕಡತದಲ್ಲಿ ಅದು ಅರ್ಥವಿಲ್ಲದ ಅಕ್ಷರರಾಶಿ. ಪಿಡಿಎಫ್ ಮಾಡುವಾಗ ಒತ್ತಕ್ಷರ ಒಡೆಯದಂತೆ ಫಾಂಟು, ತಂತ್ರಾಂಶ ಎರಡನ್ನೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪದಗಳು ಸ್ಥಿರವಾಗಬೇಕು. ಮೆಕ್ಯಾನಿಕ್ಕೂ ರೈತನೂ ಸ್ಟಾರ್ಟರ್, ಫೇಸ್, ಕೇಬಲ್ ಎನ್ನುವಾಗ ಕೈಪಿಡಿ ಯಾರೂ ಆಡದ ಪದಗಳನ್ನು ಟಂಕಿಸುವುದು ಬೇಡ. ಒಮ್ಮೆ ಒಪ್ಪಿದ ಪದವನ್ನೇ ಎಲ್ಲ ಟಾಪಿಕ್‌ಗಳಲ್ಲೂ ಬಳಸಬೇಕು.

ಸಬ್ಸಿಡಿಯಲ್ಲಿ ಹನಿ ನೀರಾವರಿ ಸಲಕರಣೆ ಕೊಡಿಸುವ ಸರ್ಕಾರ, ಸರಿಯಾದ ಕನ್ನಡ ಕೈಪಿಡಿಯನ್ನೂ ಷರತ್ತಾಗಿ ಕೇಳಬಹುದು. ಸಲಕರಣೆ ಬದಲಾದಾಗ ಅದೂ ಬದಲಾಗಬೇಕೆಂದು ಪಟ್ಟು ಹಿಡಿಯಬಹುದು. ತಂತ್ರ ಸಿದ್ಧವಿದೆ, ಬಲ್ಲವರೂ ಇದ್ದಾರೆ. ಕನ್ನಡವನ್ನು ಕೊನೆಯ ಅನುವಾದವಾಗಿ ಅಲ್ಲ, ಮೊದಲ ದಿನದಿಂದಲೇ ಮ್ಯಾಪಿನೊಳಗಿನ ಭಾಷೆಯಾಗಿ ಸೇರಿಸಿಕೊಳ್ಳುವ ನಿರ್ಧಾರವಷ್ಟೇ ಬಾಕಿ.